ಬಾಗಿಲಿಗೆ ನೀರು ಹಾಕುವ ಕೈ

ಕೋವಿಡ್ ಕಳೆದು ಜನ ಮಾಸ್ಕ್ ತೆಗೆದಿಟ್ಟ ವರ್ಷ ಅದು. ಆಗ ನಾನು ವಿಜಯನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಸ್ತನ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಹೆಂಗಸರೇ ನನ್ನ ಬಳಿ ಹೆಚ್ಚು ಬರುತ್ತಿದ್ದರು. ಕಂಕುಳಿನ ಗಂಟುಗಳನ್ನು ತೆಗೆದಾಗ ಭುಜ ಬಿಗಿದು ಕೈ ಮೇಲೇಳುವುದಿಲ್ಲ. ಕೆಲವರಿಗೆ ತೋಳಿನಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಅದಕ್ಕೆ ಲಿಂಫೆಡೀಮಾ ಎನ್ನುತ್ತೇವೆ. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿಸಿ, ಮಾಡದವರನ್ನು ಬೈದು, ಒಂದೊಂದೇ ಡಿಗ್ರಿ ಕೈ ಮೇಲೆತ್ತಿಸುವುದು ನನ್ನ ಕೆಲಸ. ನನ್ನ ಬಾಯಿಗೆ ಹೆದರಿ ಮಾಡುತ್ತಿದ್ದವರೇ ಜಾಸ್ತಿ.

ವಸುಂಧರಾ ಹೆದರುವವರಲ್ಲ. ಚಂದ್ರಾ ಲೇಔಟಿನವರು, ನಿವೃತ್ತ ಗಣಿತದ ಟೀಚರ್. ಅವರ ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಮೊದಲ ದಿನವೇ ಗಂಡ ಶಿವಣ್ಣನವರ ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಕೋಲೊಂದನ್ನು ಹಿಡಿಸಿಕೊಂಡು ಬಂದರು. ಬಿಚ್ಚಿದರೆ ಮೀನು ಹಿಡಿಯುವ ಗಾಳದ ಕೋಲು! ಮೊಟ್ಟೆಯನ್ನೂ ಮುಟ್ಟದ ಮನೆಯವರು. ವಸುಂಧರಾ ಚಿಕ್ಕ ವಯಸ್ಸಿನಲ್ಲಿ ನೀಲಗಿರಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಅಲ್ಲಿನ ಟ್ರೌಟ್ ಮೀನಿನ ತೊರೆಯಲ್ಲಿ ಕಲಿತದ್ದಂತೆ. ಹಿಡಿದದ್ದನ್ನು ಅಲ್ಲೇ ನೀರಿಗೆ ಬಿಡುತ್ತಿದ್ದರಂತೆ. ಅಕ್ಕಪಕ್ಕದವರು ಕೇಳಿದರೆ ಅದು ಕರ್ಟನ್ ರಾಡ್ ಎಂದು ಶಿವಣ್ಣ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು.

ಕಾಯಿಲೆ ಲಿವರಿಗೂ ಹರಡಿತ್ತು. ಅದು ಅವರಿಗೆ ಗೊತ್ತಿತ್ತು. ಮಳೆಗಾಲಕ್ಕೆ ಹೊಸ ಕೀಮೋ ಶುರುವಾಗಬೇಕಿತ್ತು.

"ಅಷ್ಟರಲ್ಲಿ ಒಂದೇ ಒಂದು ಸಲ ಆ ತೊರೆಗೆ ಹೋಗಿ ನನ್ನ ಕೈಯಿಂದಾನೇ ಡ್ರೈ ಫ್ಲೈ ಹಾಕ್ಬೇಕು ಡಾಕ್ಟ್ರೇ," ಎಂದರು. "ಆಮೇಲೆ ನೀವು ಏನ್ ಹೇಳಿದ್ರೂ ಕೇಳ್ತೀನಿ."

ಡ್ರೈ ಫ್ಲೈ ಎಂದರೆ ಪುಕ್ಕ ಮತ್ತು ದಾರ ಸುತ್ತಿ ಹುಳುವಿನಂತೆ ಮಾಡಿದ ಹಗುರ ಗಾಳ. ನೀರಿನಲ್ಲಿ ಮುಳುಗುವುದಿಲ್ಲ, ಮೇಲೆ ತೇಲುತ್ತದೆ. ನಿಜವಾದ ಹುಳು ಕೂತ ಹಾಗೆ ಮೆತ್ತಗೆ ಇಳಿಯದಿದ್ದರೆ ಮೀನು ಹತ್ತಿರವೂ ಸುಳಿಯುವುದಿಲ್ಲ. ಅದಕ್ಕೇ ಇದರಲ್ಲಿ ಬೀಸುವ ರೀತಿಯೇ ಮುಖ್ಯ. ಮಣಿಕಟ್ಟನ್ನು ಬಗ್ಗಿಸದೆ, ಕೋಲನ್ನು ನೆಟ್ಟಗೆ ಎತ್ತಿ, ದಾರವನ್ನು ತಲೆಯ ಮೇಲಿಂದ ಹಿಂದಕ್ಕೆ ಚಾಚಿ ಮುಂದಕ್ಕೆ ಎಸೆಯುವುದು ರೂಢಿ. ಇವರಿಗೆ ಕೈ ಎತ್ತಲೇ ಆಗದು.

ಬೇಸಿಗೆಯ ಅರ್ಧ ಕಳೆದರೂ ಭುಜ ಜಗ್ಗಲಿಲ್ಲ. ರೇಡಿಯೇಷನ್ ತಿಂದ ಚರ್ಮ ಚಕ್ಕಳದ ಹಾಗೆ ಗಟ್ಟಿಯಾಗಿತ್ತು. ನನಗೆ ಸಿಟ್ಟು, ಅವರ ಮೇಲಲ್ಲ, ಆ ಭುಜದ ಮೇಲೆ.

ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ನಡೆದು ಹೋಗುವಾಗ ವಸುಂಧರಾ ತಮ್ಮ ಮನೆಯ ಗೇಟಿನ ಮುಂದೆ ಬಾಗಿಲಿಗೆ ನೀರು ಹಾಕುತ್ತಿದ್ದರು. ಕಾಲ ಬಳಿ ಬಕೆಟ್, ಬಲಗೈಯಲ್ಲಿ ಮಗ್. ಮೊಣಕೈ ಸೊಂಟಕ್ಕೆ ಅಂಟಿದ್ದ ಹಾಗೇ ಪಕ್ಕದಿಂದ ಬೀಸಿ, ಕೊನೆಯಲ್ಲಿ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರು. ನೀರು ಅಗಲವಾಗಿ ಹರಡಿ ನೆಲಕ್ಕೆ ಇಳಿಯಿತು. ಒಂದಿಷ್ಟೂ ಧೂಳೇಳಲಿಲ್ಲ. ನಾನು ಅಲ್ಲೇ ನಿಂತುಬಿಟ್ಟೆ.

ಹಾಗೇ ಕೋಲನ್ನೂ ಬೀಸಿ ಎಂದೆ. ಅವರು ನಕ್ಕುಬಿಟ್ಟರು. "ಮಣಿಕಟ್ಟು ತಿರುಗಿಸಿದ್ರೆ ನನಗೆ ಕಲಿಸಿದವರು ಕೋಲೇ ಕಿತ್ಕೊಳ್ತಿದ್ರು."

"ಅವರಿಗೇನು ಆಪರೇಷನ್ ಆಗಿತ್ತಾ?" ಎಂದು ರೇಗಿದೆ.

ಅಂದಿನಿಂದ ಅವರ ಮನೆಯ ಟೆರೇಸೇ ನಮ್ಮ ತೊರೆ. ಗಾಳದ ಮುಳ್ಳಿನ ಬದಲು ದಾರದ ತುದಿಗೆ ಉಣ್ಣೆಯ ಎಳೆ ಕಟ್ಟಿದೆವು. ಶಿವಣ್ಣ ಸ್ಟೀಲ್ ಪರಾತದಲ್ಲಿ ನೀರು ತುಂಬಿ ಆ ತುದಿಯಲ್ಲಿಟ್ಟರು. ಮೊದಮೊದಲು ಹಿಂದಕ್ಕೆ ಹೋದ ದಾರ ನೆಲಕ್ಕೆ ಬಿದ್ದು ಸಿಕ್ಕಾಗುತ್ತಿತ್ತು. ಪಕ್ಕದ ಮನೆಯವರು ಒಣಹಾಕಿದ್ದ ಸೀರೆಗೂ ಸುತ್ತಿಕೊಂಡಿತು. ಆಮೇಲೆ ವಸುಂಧರಾ ಅವರೇ ದಾರಿ ಕಂಡುಕೊಂಡರು. ಎಲ್ಲೂ ನಿಲ್ಲಿಸದೆ, ಹಿಂದಕ್ಕೆ ಹೋಗುವಾಗ ಕೆಳಗೆ, ಮುಂದೆ ಬರುವಾಗ ಕೊಂಚ ಮೇಲೆ, ಮೊಟ್ಟೆಯಾಕಾರದಲ್ಲಿ ಸುತ್ತಿಸಿ ಬಿಡುವುದು. ಉಣ್ಣೆ ಪರಾತದ ನೀರಿನ ಮೇಲೆ ಸದ್ದಿಲ್ಲದೆ ಕೂತ ದಿನ ಶಿವಣ್ಣ ಕಣ್ಣೊರೆಸಿಕೊಂಡರು.

ಆದರೆ ತೋಳು ಊದತೊಡಗಿತು. ಅಭ್ಯಾಸ ನಿಲ್ಲಿಸಿ, ಬ್ಯಾಂಡೇಜ್ ಸುತ್ತಿದೆ. ಊತ ಏರಿ ಸೋಂಕಾದರೆ ಕೀಮೋ ಮುಂದಕ್ಕೆ ಹೋಗುತ್ತದೆ, ಅದರ ಹೊಣೆ ನನ್ನದು. ಶಿವಣ್ಣ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ಇದೆಲ್ಲ ಬೇಕಾ ಎಂದು ಮೆಲ್ಲಗೆ ಕೇಳಿದರು. ನನಗೂ ಗೊತ್ತಿರಲಿಲ್ಲ, ಹಾಗೇ ಹೇಳಿದೆ. ಊತ ಇಳಿದ ಮೇಲೆ ಅವರ ಕ್ಯಾನ್ಸರ್ ಡಾಕ್ಟರೊಡನೆ ಮಾತಾಡಿ, ತೋಳಿಗೆ ಬಿಗಿಯಾದ ಕಂಪ್ರೆಷನ್ ಸ್ಲೀವ್ ಹಾಕಿಸಿ, ತುಂಬಾ ಹೊತ್ತು ಬೀಸಬಾರದು ಎಂದು ಕಟ್ಟುನಿಟ್ಟು ಮಾಡಿ ಇಬ್ಬರನ್ನೂ ತೊರೆಗೆ ಕಳಿಸಿಕೊಟ್ಟೆ.

ಶಿವಣ್ಣ ವಿಡಿಯೋ ಕಳಿಸಿದರು. ತೊರೆಯ ಮೇಲೆ ಕೊಂಬೆಗಳು ಬಾಗಿದ್ದವು. ತಲೆಯ ಮೇಲಿಂದ ಬೀಸಲು ಅಲ್ಲಿ ಜಾಗವೇ ಇರಲಿಲ್ಲ. ವಸುಂಧರಾ ಅವರ ದಾರ ಕೊಂಬೆಗಳ ಅಡಿಯಲ್ಲೇ ತೂರಿ ಹೋಯಿತು. ಫ್ಲೈ ತೇಲುತ್ತಾ ಬಂತು. ನೀರು ಉಬ್ಬಿತು, ಮೀನು ಮೇಲೆದ್ದು ಅದನ್ನು ಬಾಯಿಗೆ ಹಾಕಿಕೊಂಡಿತು. ಆ ಕ್ಷಣ ಕೋಲನ್ನು ಗಕ್ಕನೆ ಮೇಲೆತ್ತಬೇಕು, ಆಗಲೇ ಮುಳ್ಳು ಸಿಕ್ಕುವುದು. ಅವರು ಎತ್ತಲಿಲ್ಲ. ಮೀನು ಫ್ಲೈಯನ್ನು ಉಗುಳಿ ಹೋಯಿತು.

ವಾಪಸು ಬಂದವರ ತೋಳು ಅಳೆಯುತ್ತಾ, ಎತ್ತುವುದನ್ನು ನಾವು ಅಭ್ಯಾಸವೇ ಮಾಡಲಿಲ್ಲವಲ್ಲ ಎಂದು ಪೇಚಾಡಿದೆ.

"ಅದು ನನಗೆ ಮೊದಲೇ ಗೊತ್ತಿತ್ತು," ಎಂದರು. "ಹೇಳಿದ್ರೆ ನೀವು ಇನ್ನೊಂದು ಎಕ್ಸರ್‌ಸೈಜ್ ಕೊಡ್ತಿದ್ರಿ. ಮೀನು ಯಾರಿಗೆ ಬೇಕಿತ್ತು ಡಾಕ್ಟ್ರೇ? ಅದು ನಂಬಿ ಮೇಲೆ ಬಂತಲ್ಲ, ಸಾಕು."

ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು. ಸುದ್ದಿ ಬಂದಾಗ ಕ್ಲಿನಿಕ್ಕಿನಲ್ಲಿ ಪೇಷೆಂಟುಗಳ ಮುಂದೆಯೇ ಅತ್ತೆ. ಅಲ್ಲಿಂದೀಚೆಗೆ ಹೊಸಬರು ಯಾರೇ ಬರಲಿ, ಡಿಗ್ರಿ ಅಳೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ಕೈಯಿಂದ ನಿಮಗೆ ಏನು ಮಾಡಬೇಕಾಗಿದೆ? ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಮರುವರ್ಷ ಶಿವಣ್ಣನವರೇ ಭುಜ ನೋವೆಂದು ಬಂದರು. ಅವರನ್ನೂ ಕೇಳಿದೆ.

"ಬಾಗಿಲಿಗೆ ನೀರು ಹಾಕ್ಬೇಕಮ್ಮ," ಎಂದರು. "ಅವಳು ಹಾಕಿದ್ರೆ ಧೂಳೇಳ್ತಿರ್ಲಿಲ್ಲ. ನಾನು ಹಾಕಿದ್ರೆ ಏಳತ್ತೆ."

ಸಿಂಕಿನ ಬಳಿಯಿದ್ದ ಮಗ್ಗನ್ನು ಅವರ ಕೈಗೆ ಕೊಟ್ಟು, ಮೊಣಕೈಯನ್ನು ಸೊಂಟಕ್ಕೆ ಅಂಟಿಸಿ ಹಿಡಿದೆ.