ರವಿಯ ಹೆಸರಿದ್ದ ಗೇಮ್ ಕ್ಯಾಸೆಟ್

ಸಾವಿತ್ರಕ್ಕಾ, ನಿಮ್ಮ ತಮ್ಮ ರವಿಯ ಹೆಸರನ್ನು ಆ ಗೇಮ್ ಕ್ಯಾಸೆಟ್ಟಿನಿಂದ ಅಳಿಸಿದವನು ನಾನು. ಅದರೊಳಗಿನ ಸೆಲ್ ತಾನಾಗಿ ಮುಗಿದದ್ದಲ್ಲ — ನಾನು ಹೇಳಿದ್ದು ಸುಳ್ಳು.

ಮೂರು ವರ್ಷದ ಹಿಂದೆ ಸೀತೂರಿನಿಂದ ಬಂದು, ಕೊಪ್ಪದ ನನ್ನ ಟಿವಿ ರಿಪೇರಿ ಅಂಗಡಿಯಲ್ಲಿ ರವಿಯ ಹಳೆಯ ವಿಡಿಯೊ ಗೇಮ್ ಇಟ್ಟಿರಿ. "ಹೊಸ ಟಿವಿಗೆ ಇದು ಬತ್ತಾ ಇಲ್ಲ ಮಾರಾಯ, ಎಂತಾದ್ರೂ ಮಾಡಿ ಕೊಡು" ಅಂದಿರಿ. ಅವನು ತೀರಿಕೊಂಡು ಆಗಲೇ ಎಷ್ಟೋ ವರ್ಷ. ಕ್ಯಾಸೆಟ್ ಹಾಕಿದರೆ ಅವನು ಅರ್ಧಕ್ಕೆ ನಿಲ್ಲಿಸಿದ ಆಟ, ಪಕ್ಕದಲ್ಲಿ ಅವನೇ ಗುಂಡಿ ಒತ್ತಿ ಬರೆದ ಹೆಸರು — ಅದನ್ನು ನೋಡುವುದಕ್ಕಷ್ಟೇ ನಿಮಗೆ ಅದು ಬೇಕಿತ್ತು. ಆಟ ನಿಮಗೆ ಬರುವುದೂ ಇಲ್ಲ.

ವೈರು ಬದಲಿಸಿದೆ, ಹೆಸರು ಬಂತು. ಅಲ್ಲಿಗೆ ಬಿಡಬೇಕಿತ್ತು. ಆದರೆ ನನ್ನ ಹಾಳು ಚಪಲ! ನೂರು ಆಟ ತುಂಬಿದ ಹೊಸ ಕ್ಯಾಸೆಟ್ಟೊಂದನ್ನು ತರಿಸಿಟ್ಟಿದ್ದೆ, ಆಡಿ ನೋಡಲು ಮಷಿನ್ ಇರಲಿಲ್ಲ. ನಿಮ್ಮದಕ್ಕೆ ತುರುಕಿದೆ. ಹೊಸ ಕ್ಯಾಸೆಟ್ಟಿನೊಳಗಿನ ಬೋರ್ಡು ಹಳೆಯದಕ್ಕಿಂತ ದಪ್ಪ, ಬಿಗಿಯಾಯಿತು — ಆದರೂ ಒತ್ತಿದೆ. ಒಂದಿಷ್ಟು ಆಡಿ ತೆಗೆದು ರವಿಯ ಕ್ಯಾಸೆಟ್ ಹಾಕಿದರೆ ಬರೀ ಬೂದು ಪರದೆ.

ರಿಪೇರಿಯವನ ಸೊಕ್ಕು ನೋಡಿ — ಹೊಸದು ಓಡಿತಲ್ಲ, ದೋಷ ಹಳೆಯದರದ್ದೇ ಅಂದುಕೊಂಡೆ. ರವಿಯ ಕ್ಯಾಸೆಟ್ ಬಿಚ್ಚಿದೆ. ಬಿಲ್ಲೆಯಂಥ ಸೆಲ್ ಕಿತ್ತು ಹೊಸದನ್ನು ಬೆಸೆದೆ. ಹೆಸರನ್ನು ಹಿಡಿದಿಟ್ಟಿದ್ದು ಆ ಸೆಲ್ಲೇ, ಕಿತ್ತರೆ ಹೆಸರೂ ಹೋಗುತ್ತದೆ ಎಂದು ಗೊತ್ತಿರಲಿಲ್ಲವೆ? ಗೊತ್ತಿತ್ತು ಅಕ್ಕಾ. ಆ ಹೊತ್ತಿಗೆ ನೆನಪಾಗಲಿಲ್ಲ, ಅಥವಾ… ಆಮೇಲೆ ನೋಡಿದರೆ ಕೆಟ್ಟದ್ದು ಕ್ಯಾಸೆಟ್ಟೇ ಅಲ್ಲ. ದಪ್ಪ ಬೋರ್ಡು ಮಷಿನ್ನಿನ ಪಿನ್ನುಗಳನ್ನು ಅಗಲಿಸಿತ್ತು, ಹಳೆಯದು ತಾಗುತ್ತಿರಲಿಲ್ಲ, ಅಷ್ಟೆ. ಪಿನ್ನು ಸರಿಮಾಡಿದೆ. ಆಟ ಬಂತು. ಹೆಸರಿನ ಜಾಗ ಖಾಲಿ.

"ಸೆಲ್ ಮುಗಿದಿತ್ತು ಅಕ್ಕಾ, ಹಳೇದಲ್ವಾ" ಅಂದೆ.

ನೀವು ಬಯ್ಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾನೇ ಮಾರಾಯ, ದಿನಾ ಹಾಕಿ ಹಾಕಿ ನೋಡಿ ಮುಗಿಸ್ದೆ" ಅಂದಿರಿ. ಅಲ್ಲ ಎನ್ನಬೇಕಿತ್ತು. ನಾನು ತಲೆಯಾಡಿಸಿದೆ — ಹೌದು ಎಂಬಂತೆ.

ಈಗಲೂ ಅಂಗಡಿಯಲ್ಲಿ ಯಾವ ಟಿವಿಯ ಪರದೆ ಬೂದಾದರೂ ಮೊದಲು ಸ್ವಿಚ್ ಆರಿಸುತ್ತೇನೆ. ಆ ಹೆಸರನ್ನು ಕೊನೆಯ ಸಲ ನೋಡಿದವನು ನಾನು, ನೀವಲ್ಲ — ಇದು ನನ್ನನ್ನು ಮಲಗಲು ಬಿಡುವುದಿಲ್ಲ. ಮೊನ್ನೆ ಬಾಳೆಹೊನ್ನೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗಲೂ, "ಅಷ್ಟು ಸಲ ನೋಡ್ಬಾರದಿತ್ತು ನಾನು" ಅಂದಿರಿ.

ನಾಳೆ ಸೀತೂರಿಗೆ ಬರುತ್ತೇನೆ. ಕ್ಷಮಿಸಿ ಎನ್ನಲು ಅಲ್ಲ, ಆ ಮುಖ ನನಗಿಲ್ಲ. ಎದುರಿಗೆ ನಿಂತು ಇದೊಂದನ್ನು ಹೇಳಬೇಕು — ನೋಡಿದರೆ ಸೆಲ್ ಮುಗಿಯುವುದಿಲ್ಲ, ನೀವು ದಿನಾ ನೋಡುತ್ತಿದ್ದರೂ ಆ ಹೆಸರು ಇರುತ್ತಿತ್ತು ಅಕ್ಕಾ.