ಸೂಗಪ್ಪನ ಹಲಗೆಯ ಮೇಲಿನ ತಗಡು

ಸೂಗಪ್ಪನ ಸುದ್ದಿ ನಾನು ಮೊದಲು ಕೇಳಿದ್ದು ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ದಿನ. ಪಕ್ಕದ ಮನೆಯ ಕೃಷ್ಣಾಬಾಯಿ ಬಂದು, "ಬೇವಿನ ಗಿಡದ ಬುಡಕ ಆಳಂದ ಕಡೆಯಾಂವ ಒಬ್ಬ ಗಾಡಿ ರಿಪೇರಿ ಅಂಗಡಿ ಹಾಕ್ಯಾನ್ರಿ. ನಟ್ಟಿಗೂ ವಿಭೂತಿ ಹಚ್ಚತಾನಂತ," ಎಂದು ನಕ್ಕಳು.

"ಹಚ್ಚಲಿ ಬಿಡ, ನಟ್ಟರ ಪುಣ್ಯ ಮಾಡೇತಿ," ಅಂದೆ.

ಹೋಗಿ ನೋಡಿದರೆ ಮಾತು ನಿಜ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ನಮ್ಮ ಓಣಿಯಲ್ಲಿ ಸಣ್ಣ ಶೆಡ್ಡು, ಒಳಗೆ ಗೋಡೆಗೊಂದು ಹಲಗೆ, ಅದರ ಮೇಲೆ ಶರಣಬಸಪ್ಪನ ಫೋಟೋ. ತಾನು ಕೈಯಾರೆ ಮಾಡಿದ ಸಾಮಾನನ್ನು ಸೂಗಪ್ಪ ನೇರವಾಗಿ ಗಾಡಿಗೆ ಹಾಕುತ್ತಿರಲಿಲ್ಲ. ಫೋಟೋದ ಮುಂದಿಟ್ಟು, ವಿಭೂತಿ ಹಚ್ಚಿ, ಕೈಮುಗಿದ ಮೇಲೆಯೇ ಹಾಕುವುದು. ಗಿರಾಕಿಗೆ ಎಷ್ಟೇ ಅವಸರವಿರಲಿ, ಅವನು ಅಷ್ಟೇ. ತೆಲುಗು ಮಂದಿ "ಸ್ವಾಮಿ" ಎಂದು ಕಾಡಿಸುತ್ತಿದ್ದರು. ಅವರೊಡನೆ ತೆಲುಗು, ನನ್ನೊಡನೆ ಮಾತ್ರ ಊರ ಮಾತು.

ನನ್ನ ಸೊಸೆ ದೀಪಾಲಿ ಹಿಮಾಯತ್‌ನಗರದ ಆಫೀಸಿಗೆ ಹೋಗುತ್ತಿದ್ದುದು ನಮ್ಮ ಯಜಮಾನರು ಬಿಟ್ಟುಹೋದ ಹಳೆಯ ಸ್ಕೂಟರಿನ ಮೇಲೆ. ಅದಕ್ಕೊಂದು ರೋಗ ಬಂತು. ಎಕ್ಸಿಲೇಟರ್ ಬಿಟ್ಟ ಕೂಡಲೇ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದಂತೆ ಸದ್ದು. ಸೂಗಪ್ಪ ಕಿವಿಗೊಟ್ಟು ಕೇಳಿ, ಸೀಟಿನ ಕೆಳಗಿನ ರಬ್ಬರ್ ಪೈಪೊಂದನ್ನು ತೋರಿಸಿದ.

"ಇದು ಗಾಳಿ ಪೈಪ್ ನೋಡವಾ ತಂಗಿ. ಹೊಗಿಗೆ ಗಾಳಿ ಕೂಡಿದರ ಉಳಿದ ಪೆಟ್ರೋಲ್ ಅಲ್ಲೇ ಸುಡತೈತಿ, ಹೊಗಿ ಸ್ವಚ್ಛ ಇರತೈತಿ ಅಂತ ಕಂಪನಿಯವರು ಇಟ್ಟಾರ. ಇದರ ವಾಲ್ವ್ ಕೆಟ್ಟೈತಿ. ಹೊಸಾದು ಹಾಕೋದು ಛಲೋ."

ಅಷ್ಟು ಹಳೆಯ ಗಾಡಿಯ ವಾಲ್ವು ಎಲ್ಲಿ ಹುಡುಕಿದರೂ ಸಿಗಲಿಲ್ಲ.

"ತಗದ ಒಗೀರಿ ಅಣ್ಣಾ. ನಾ ಬರೋದು ಸ್ಟೇಷನ್ ತನಕ ಕೇಳತೈತಿ ಅಂತ ಓಣಿ ಮಂದಿ ನಗಾಕತ್ತಾರ," ಎಂದು ದೀಪಾಲಿ ಬೆನ್ನುಹತ್ತಿದಳು. ಅವನು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ.

ಬೆಳಿಗ್ಗೆ ವಾಲ್ವು, ಪೈಪು ಎಲ್ಲ ಬಿಚ್ಚಿದ. ಇಂಜಿನ್ನಿನ ಮೇಲೆ ಪೈಪು ಕೂರುವ ಬಾಯಿ ತೆರೆದುಕೊಂಡಿತು. ಅದನ್ನು ಮುಚ್ಚಲು ಕಬ್ಬಿಣದ ತಗಡು ಕತ್ತರಿಸಿ, ಅರದಿಂದ ತಿಕ್ಕಿ, ಹಲಗೆಯ ಮೇಲಿಟ್ಟ. ಅಷ್ಟರೊಳಗೆ ಸದ್ದು ನಿಂತಿತೋ ಇಲ್ಲವೋ ನೋಡೋಣವೆಂದು ಆ ಬಾಯಿಗೆ ತುಂಡು ರಬ್ಬರ್ ಪೈಪು ಸಿಕ್ಕಿಸಿ, ತುದಿಗೆ ಮರದ ಬಿರಡೆ ಬಡಿದ. ಗಾಡಿ ಶುರು ಮಾಡಿದರೆ ಒಂದು ಚಟಪಟವೂ ಇಲ್ಲ. ದೀಪಾಲಿಯ ಮುಖ ಅರಳಿತು.

ಶೆಡ್ಡಿನಲ್ಲಿ ವಿಭೂತಿ ತೀರಿತ್ತು. ನಮ್ಮ ಬಾಗಿಲಿಗೆ ಬಂದು ಕೇಳಿದ. ನಾನು ದೇವರ ಮನೆಯಿಂದ ವಿಭೂತಿ ಗಟ್ಟಿ ತಂದು ಅವನ ಕೈಗೆ ಇಡುವಾಗ ಹೊರಗೆ ಸ್ಕೂಟರು ಹೋಯಿತು. ಕೆಲಸ ಮುಗಿಯಿತೆಂದು ದೀಪಾಲಿ ಹೊರಟೇಬಿಟ್ಟಿದ್ದಳು.

ಅವನ ಮುಖ ಬಿಳಿಚಿತು. "ಅಮ್ಮಾರ, ತಗಡು ಇನ್ನೂ ಹಲಗಿ ಮ್ಯಾಲ ಐತ್ರಿ."

"ಹಂಗಂದರ ಏನಾಗತೈತೋ?"

"ಇಂಜಿನ್ ಒಳಗಿನ ಉರಿ ಆ ಬಿರಡಿ ಸುಡತೈತಿ, ಪೈಪ್ ಸುಡತೈತಿ. ಮಗ್ಗಲದಾಗ ಪೆಟ್ರೋಲ್ ಪೈಪ್ ಐತಿ."

ಫೋನು ಹಚ್ಚಿದೆ. ಆಕೆ ಫೋನು ಇಡುವುದು ಸೀಟಿನ ಕೆಳಗಿನ ಡಿಕ್ಕಿಯಲ್ಲಿ. ಬಾರಿಸಿ ಬಾರಿಸಿ ನಿಂತಿತು.

"ಯಾವ ದಾರಿ ಹಿಡಿತಾಳ್ರಿ?"

ಬೋರ್ಡು ಓದಲು ನನಗೆ ಎಲ್ಲಿ ಬರುತ್ತದೆ? ಆದರೆ ಆಕೆಯ ಹಿಂದೆ ಕೂತು ಹೋದ ದಾರಿ ಕಣ್ಣಲ್ಲಿತ್ತು. "ಸೇತುವೆ ಇಳಿದ ಮ್ಯಾಲ ಆಲದ ಗಿಡದ ಕೆಳಗ ಹೂವಿನಾಕಿ ಕೂಡತಾಳ. ಅಲ್ಲಿ ಮಲ್ಲಿಗಿ ತಗೊಳ್ಳದ ಹೋಗೋದಿಲ್ಲ. ಆದರ ಗಾಡಿ ಬಂದ್ ಮಾಡೋದಿಲ್ಲೋ, ಹಂಗೇ ನಿಂತು ತಗೋತಾಳ."

ತಗಡನ್ನು ಜೇಬಿಗೆ ಹಾಕಿ, ಯಾರೋ ಗಿರಾಕಿಯ ಬೈಕು ಹತ್ತಿ ಹೋದ. ನಾನು ಹೊಸ್ತಿಲ ಮೇಲೆ ಕೂತು ಮತ್ತೆ ಮತ್ತೆ ಫೋನು ಒತ್ತಿದೆ. ರೈಲೊಂದು ಬಂತು, ಹೋಯಿತು. ಕೃಷ್ಣಾಬಾಯಿ ನೀರು ತಂದಳು. ತಂಬಿಗೆ ಪಕ್ಕಕ್ಕಿಟ್ಟು ಮತ್ತೆ ಫೋನು ಒತ್ತಿದೆ.

ಕೊನೆಗೆ ಆ ಕಡೆಯಿಂದಲೇ ಫೋನು ಬಂತು. "ಅತ್ತಿ, ನಾ ಆರಾಮ ಅದೀನಿ," ಎಂದಳು ದೀಪಾಲಿ. ಅಷ್ಟು ಹೇಳಿ ಅಳತೊಡಗಿದಳು. "ಸೂಗಪ್ಪಣ್ಣನ ಕೈ ಸುಟ್ಟೈತ್ರಿ."

ಆಕೆ ಹೂವು ಆರಿಸುತ್ತಿದ್ದಾಗ ಸೀಟಿನ ಕೆಳಗಿಂದ ಹೊಗೆ ಏಳುತ್ತಿತ್ತಂತೆ. ಅವನು ಬಂದವನೇ ಕೀಲಿ ತಿರುವಿ, ಆಕೆಯನ್ನು ದೂಡಿ, ಉರಿಯುತ್ತಿದ್ದ ಪೈಪನ್ನು ಬರಿಗೈಯಿಂದ ಕಿತ್ತೆಸೆದನಂತೆ. ರಬ್ಬರು ಅಂಗೈಗೆ ಅಂಟಿತ್ತು. ಪೆಟ್ರೋಲ್ ಪೈಪಿನ ಮೈ ಆಗಲೇ ಮೆತ್ತಗಾಗಿತ್ತು.

ಅವನ ಬಲಗೈಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ವಿಭೂತಿ ಹಚ್ಚುವುದನ್ನೂ ಅವನು ಬಿಡಲಿಲ್ಲ. ಒಂದೇ ಒಂದು ಬದಲಾಯಿತು. ಗಾಡಿ ಹೊರಡುವ ಮೊದಲು ಓಣಿ ಆಚೆಯಿಂದ, "ಅಮ್ಮಾರ, ಒಂದೀಟ ಬರ್ರಿ," ಎಂದು ಕೂಗುವನು. ನಾನು ಚಹಾದ ಕಪ್ಪು ಹಿಡಿದೇ ಹೋಗಿ, ಹಲಗೆಯ ಮೇಲೆ ಏನಾದರೂ ಉಳಿದಿದೆಯೇ ಎಂದು ನೋಡುವೆ. "ಬರೇ ಐತಪಾ, ಬಿಡು," ಎಂದರೆ ಮಾತ್ರ ಗಿರಾಕಿಗೆ ಕೀಲಿ. "ಸ್ವಾಮಿಗಿಂತ ಅಮ್ಮಾರ ದೊಡ್ಡವರು" ಎಂದು ಮಂದಿ ನಗುತ್ತಿದ್ದರು. ನಗಲಿ.

ಹೋದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಶೆಡ್ಡಿಗೆ ಬೀಗ ಬಿತ್ತು. ನಾನು ದವಾಖಾನೆಗೆ ಹೋದಾಗ ಅವನ ಹೆಂಡತಿ ಪಾರ್ವತಿಬಾಯಿ, "ಯಾರ ಗುರುತೂ ಹತ್ತವಲ್ಲದು ಅಮ್ಮಾರ," ಎಂದಳು. ಹಾಸಿಗೆಯ ಹತ್ತಿರ ಕೂತೆ. ಬಹಳ ಹೊತ್ತಿಗೆ ಕಣ್ಣು ತೆರೆದ. ಸೊಟ್ಟ ಬೆರಳಿನ ಆ ಕೈ ನನ್ನ ಸೆರಗು ಹಿಡಿಯಿತು. ಮಾತು ತೊದಲುತ್ತಿತ್ತು, ಆದರೂ ತಿಳಿಯಿತು.

"ಅಮ್ಮಾರ, ನಾ ಹೊಂಟೀನ್ರಿ. ಹಲಗಿ ಬರೇ ಐತೇನು, ಒಮ್ಮೆ ನೋಡಿ ಬರ್ರಿ."