ಎಕ್ಸ್‌ರೇಗೆ ಮುಂಚೆ ಒಂದು ಪ್ರಶ್ನೆ

ಚಾಮರಾಜಪೇಟೆಯ ಸಣ್ಣ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಾನು ಡ್ಯೂಟಿ ಡಾಕ್ಟರ್ ಆಗಿ ಸೇರಿದ ಮೊದಲ ವರ್ಷ ಅದು. ಹೆಣ್ಣುಮಕ್ಕಳಿಗೆ ಎಕ್ಸ್‌ರೇ ಬರೆಯುವ ಮುಂಚೆ ಕೊನೆಯ ಮುಟ್ಟು ಯಾವಾಗ ಆಯಿತೆಂದು ಕೇಳುವುದು ನಮ್ಮಲ್ಲಿ ನಿಯಮ. ಕೇಳುವುದೇನೋ ಸುಲಭ. ಆದರೆ ಒಬ್ಬರಿಗೆ ಕಾಲು ಉಳುಕಿದರೆ ಜೊತೆಗೆ ಮನೆಯವರೆಲ್ಲ ಬರುತ್ತಾರೆ, ಪ್ರಶ್ನೆ ಯಾರಿಗೇ ಕೇಳಿದರೂ ಉತ್ತರ ಕೊಡುವವರು ಅವರೇ.

ಒಂದು ಬೆಳಿಗ್ಗೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಳು. ಬಚ್ಚಲಲ್ಲಿ ಜಾರಿ ಪಾದ ಊದಿಕೊಂಡಿತ್ತು. ಕಾಟನ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರದ ಮನೆ, ಮದುವೆಯಾಗಿ ನಾಲ್ಕು ತಿಂಗಳು, ಬಿ.ಕಾಂ. ಕೊನೆಯ ವರ್ಷ. ಇದನ್ನೆಲ್ಲ ಹೇಳಿದ್ದು ಅತ್ತೆ.

"ಕೊನೇ ಸಲ ಮುಟ್ಟಾಗಿದ್ದು ಯಾವಾಗ?" ಎಂದು ಹುಡುಗಿಯನ್ನು ಕೇಳಿದೆ.

"ಹದಿನೈದು ದಿನ ಆಯ್ತು ಡಾಕ್ಟ್ರಮ್ಮ," ಎಂದರು ಅತ್ತೆ. "ಮುಂದಿನ ಸಲ ಆಗ್ದೇ ಇರ್ಲಪ್ಪಾ ಅಂತ ದೇವ್ರಿಗೆ ಹೇಳ್ಕೊಂಡಿದೀನಿ."

ಹುಡುಗಿಯ ಕೈ ಮಂಚದ ಸರಳನ್ನು ಬಿಗಿಯಾಗಿ ಹಿಡಿಯಿತು. ಅದು ಕಾಲುನೋವಿಗಲ್ಲ ಎಂದು ನನಗೆ ಅನ್ನಿಸಿತು.

ನನ್ನ ಜಾಗದಲ್ಲಿ ಬೇರೆ ಡಾಕ್ಟರಿದ್ದಿದ್ದರೆ ಅತ್ತೆಗೆ "ನೀವು ಸ್ವಲ್ಪ ಹೊರಗಿರಿ" ಎಂದುಬಿಡುತ್ತಿದ್ದರು. ತಾಯಿಯ ವಯಸ್ಸಿನವರಿಗೆ ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. "ಸಿಸ್ಟರ್, ಹುಡುಗಿಯ ಹತ್ತಿರ ನಾನೊಬ್ಬಳೇ ಮಾತಾಡಬೇಕು. ಅತ್ತೆಯನ್ನು ಹೇಗಾದರೂ ಹೊರಗೆ ಕೂರಿಸಿ" ಎಂದು ಚೀಟಿ ಬರೆದು, ಮಡಚಿ, ಪಕ್ಕದಲ್ಲಿದ್ದ ಹಿರಿಯ ನರ್ಸ್ ಕಡೆಗೆ ಚಾಚಿದೆ.

ಅತ್ತೆ ನಡುವೆಯೇ ಕೈಹಾಕಿ ಅದನ್ನು ತೆಗೆದುಕೊಂಡರು. "ಕೊಡಿ ಕೊಡಿ, ನಾನೇ ತರ್ತೀನಿ. ಮೆಡಿಕಲ್ಸ್ ಗೇಟ್ ಹತ್ರಾನೇ ಅಲ್ವಾ?"

ನಾನು ತಡೆಯುವಷ್ಟರಲ್ಲಿ ಹೋಗಿಯೇಬಿಟ್ಟರು. ಡಾಕ್ಟರ್ ಬರೆದ ಚೀಟಿಯನ್ನು ನಮ್ಮ ಜನ ಬಿಚ್ಚಿ ಓದುವುದಿಲ್ಲ, ನೇರವಾಗಿ ಔಷಧದ ಅಂಗಡಿಗೆ ಒಯ್ಯುತ್ತಾರೆ.

ಚೀಟಿಯಲ್ಲಿ ಇದ್ದುದನ್ನು ನರ್ಸ್‌ಗೆ ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಅಯ್ಯೋ ಮೇಡಂ, ಅಂಗಡಿಯವ್ರು ಗಟ್ಟಿಯಾಗಿ ಓದ್ಬಿಟ್ರೆ ಕಥೆ ಮುಗೀತು! ಬೇಗ ಕೇಳಿ." ಪರದೆ ಎಳೆದು ಹೊರಗೆ ಕಾವಲು ನಿಂತರು.

ಹುಡುಗಿ ನಾನು ಕೇಳುವವರೆಗೂ ಕಾಯಲಿಲ್ಲ. "ಮೇಡಂ, ಮೊನ್ನೆ ರಾತ್ರಿ ಕಾಂಡೋಮ್ ಹರಿದೋಯ್ತು. ಈಗ ಮಗು ಆದ್ರೆ ನನ್ನ ಓದು ಅಲ್ಲಿಗೇ ನಿಂತೋಗತ್ತೆ. ನಮ್ಮನೆಯವ್ರಿಗೂ ಈಗ್ಲೇ ಬೇಡ. ಮಾತ್ರೆ ತರೋಣ ಅಂದ್ರೆ ಬೀದಿ ತುಂಬ ನೆಂಟ್ರು."

ಮೊನ್ನೆ ಎಂದರೆ ಮೂರು ದಿನ ದಾಟಿರಲಿಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ, ಎರಡು ಸಲ ಲೆಕ್ಕ ಹಾಕಿ ನೋಡಿದೆ. ಗರ್ಭ ನಿಲ್ಲದಂತೆ ತಡೆಯಲು ಮೂರು ದಿನದೊಳಗೆ ನುಂಗಬೇಕಾದ ತುರ್ತು ಮಾತ್ರೆ ನಮ್ಮ ಕಪಾಟಿನಲ್ಲೇ ಇತ್ತು. ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು, ಆದರೂ ಪೂರ್ತಿ ಭರವಸೆಯಿಲ್ಲ, ಮೂರು ವಾರದೊಳಗೆ ಮುಟ್ಟಾಗದಿದ್ದರೆ ಪರೀಕ್ಷೆ ಮಾಡಿಸಬೇಕು ಎಂದು ವಿವರಿಸಿದೆ. ದಿನನಿತ್ಯಕ್ಕೆ ಬೇರೆ ಉಪಾಯಗಳಿವೆ, ಗಂಡನನ್ನು ಕರೆದುಕೊಂಡು ಬಂದರೆ ಮಹಡಿಯ ಮೇಲಿನ ಸ್ತ್ರೀರೋಗ ವೈದ್ಯರು ಇಬ್ಬರಿಗೂ ಹೇಳಿಕೊಡುತ್ತಾರೆ ಎಂದೂ ಹೇಳಿದೆ.

ಮಾತ್ರೆ ನುಂಗಿ, ಲೋಟ ಕೆಳಗಿಟ್ಟು, "ಅಷ್ಟೇನಾ?" ಎಂದಳು.

"ಅಷ್ಟೇ."

"ಎರಡು ದಿನದಿಂದ ಊಟಾನೇ ಸೇರ್ತಿರ್ಲಿಲ್ಲ ಮೇಡಂ."

ಅತ್ತೆ ಬರಲು ಇಪ್ಪತ್ತು ನಿಮಿಷವಾಯಿತು. ಕೈಯಲ್ಲಿ ಪಾದಕ್ಕೆ ಸುತ್ತುವ ಕ್ರೇಪ್ ಬ್ಯಾಂಡೇಜ್. "ಎಂಥಾ ಒಳ್ಳೇ ಮನುಷ್ಯ ಡಾಕ್ಟ್ರಮ್ಮ ನಿಮ್ಮ ಅಂಗಡಿಯೋನು! ಚೀಟಿ ನೋಡಿದ್ದೇ ಕುರ್ಚಿ ಹಾಕ್ದ. ಒಳಗಿಂದ ತರಿಸ್ಬೇಕು, ಕೂತಿರಿ ಅಂತ ಬಾದಾಮಿ ಹಾಲು ಬೇರೆ ಕುಡಿಸ್ದ."

ಪರದೆಯ ಆಚೆ ನರ್ಸ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿಕೊಂಡಿತು. ಎಕ್ಸ್‌ರೇ ತೆಗೆಸಿ ನೋಡಿದರೆ ಪಾದದ ಮೂಳೆ ಮುರಿದಿರಲಿಲ್ಲ.

ಹದಿನಾರು ದಿನಗಳ ನಂತರ, ತುಂಬಿದ ಹಜಾರದಲ್ಲಿ, ಬಾಗಿಲಿನಿಂದಲೇ ಆ ಹುಡುಗಿಯ ಕೂಗು ಕೇಳಿಸಿತು: "ಮೇಡಂ, ಆಯ್ತು!"

ಹಿಂದೆ ಬರುತ್ತಿದ್ದ ಗಂಡ ತಲೆ ತಗ್ಗಿಸಿ, "ಮೆಲ್ಲಗೆ ಕಣೇ" ಎಂದ.

"ಏನ್ ಮೆಲ್ಲಗೆ? ವಾರದಿಂದ ಆಯ್ತಾ ಆಯ್ತಾ ಅಂತ ಪ್ರಾಣ ತಿಂದಿದ್ಯಾರು? ನಡೀರಿ, ಮೇಲೆ ಡಾಕ್ಟ್ರು ಕಾಯ್ತಿದಾರೆ."

ಇಬ್ಬರೂ ಮಹಡಿ ಹತ್ತಿದರು. ನಾನು ಡ್ಯೂಟಿಯಲ್ಲಿ ಹೆಚ್ಚು ನಗುವವಳಲ್ಲ. ಅಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ ಹಲ್ಲುನೋವಿನ ಅಜ್ಜ ನನ್ನ ಮುಖ ನೋಡಿ, "ಏನಮ್ಮಾ, ಲಾಟ್ರಿ ಹೊಡೀತಾ?" ಎಂದು ಕೇಳಿದರು.